ಅಮೀರ್ ಅಲಿಯ ಬೆಲ್ಲ, ಹುಬ್ಬಳ್ಳಿಯ ಸೆಟ್ಲಮೆಂಟ್

ಹುಬ್ಬಳ್ಳಿ ರೈಲು ನಿಲ್ದಾಣದ ಹೊರಗೆ ಆಟೋ ಹತ್ತಿ ‘ಸೆಟ್ಲಮೆಂಟ್’ ಎಂದರೆ ಸಾಕು, ಚಾಲಕ ಎರಡನೇ ಮಾತು ಕೇಳುವುದಿಲ್ಲ. ಕಾಗದಪತ್ರಗಳಲ್ಲಿ ಗಂಗಾಧರ ನಗರ ಎಂದು ಬರೆಯುತ್ತಾರೆ. ಜನರ ಬಾಯಲ್ಲಿ ಉಳಿದಿರುವುದು ಆ ಹಳೆಯ ಶಬ್ದವೇ. ಅದು ಎಷ್ಟು ರೂಢಿಯಾಗಿದೆಯೆಂದರೆ, ಯಾರನ್ನು ಯಾರು ಯಾಕೆ ಅಲ್ಲಿ ತಂದು ‘ಸೆಟ್ಲ್’ ಮಾಡಿದರು ಎಂದು ಕೇಳಬೇಕೆಂದೇ ಅನ್ನಿಸುವುದಿಲ್ಲ. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ ಯಾರ ಮನೆಯ ಹಿತ್ತಾಳೆ ತಂಬಿಗೆ ಕಾಣೆಯಾದರೂ ಹಿರಿಯರ ಮಾತು ಒಂದು ಸುತ್ತು ಸುತ್ತಿ ಆ ಕಡೆಗೇ ಹೋಗಿ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲೂ ಹಾಗೆಯೇ. ಎಲ್ಲೋ ಏನೋ ಆದಾಗ ಮುಸಲ್ಮಾನರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿದರೆ ಕುದಿಯುವ ನಾವು, ನಮ್ಮ ಪಡಸಾಲೆಯಲ್ಲಿ ಕೂತು ಇನ್ನೊಬ್ಬರನ್ನು ಅದೇ ತಕ್ಕಡಿಗೆ ಏರಿಸಿದ್ದೇವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಲ್ಲಿ ಬರೆಯಹೊರಟಿರುವುದು ಒಂದು ಕಾದಂಬರಿಯ ವಿಷಯ. ಆ ಕಾದಂಬರಿಗೂ ಆ ಓಣಿಗೂ ಏನು ಸಂಬಂಧ ಎಂದು ಹೇಳಬೇಕಾದರೆ ಸ್ವಲ್ಪ ದೂರದ ದಾರಿ ಸುತ್ತಬೇಕಾಗುತ್ತದೆ. ಓದುಗರು ಅಷ್ಟು ತಾಳ್ಮೆ ತೋರಿಸುತ್ತಾರೆಂದು ನಂಬಿದ್ದೇವೆ.

ಕಾದಂಬರಿಯ ಹೆಸರು ‘ಕನ್ಫೆಶನ್ಸ್ ಆಫ್ ಎ ಥಗ್’, ಅಂದರೆ ಒಬ್ಬ ಠಗ್ಗನ ತಪ್ಪೊಪ್ಪಿಗೆಗಳು. 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಬರೆದವನು ಫಿಲಿಪ್ ಮೆಡೋಸ್ ಟೇಲರ್. ಉರ್ದು ಓದುವ ಮನೆಗಳಲ್ಲಿ ಇದು ‘ಅಮೀರ್ ಅಲಿ ಠಗ್’ ಎಂದು ಪರಿಚಿತ. ನಾವು ಇದನ್ನು ಮೊದಲು ಓದಿದ್ದು ಉರ್ದುವಿನಲ್ಲೇ, ಶಾಲೆಯ ಪುಸ್ತಕದ ನಡುವೆ ಅಡಗಿಸಿಕೊಂಡು. ಆಗ ಅದು ನಮಗೆ ಒಂದು ರೋಚಕ ದಾಸ್ತಾನು, ಅಷ್ಟೆ. ರುಮಾಲು, ಕುದುರೆ, ಕಾಡುದಾರಿ, ಹೈದರಾಬಾದಿನ ಬಜಾರು! ಬರೆದವನು ಇಂಗ್ಲಿಷಿನವನು ಎಂಬುದು ಕೂಡ ಆಗ ಮನಸ್ಸಿಗೆ ತಾಗಿರಲಿಲ್ಲ. ಕತೆ ಬರೆಯುವ ಕಸುಬಿಗೆ ಬಿದ್ದ ಮೇಲೆ ಇಂಗ್ಲಿಷಿನಲ್ಲಿ ಓದಿದಾಗ ಅದು ಬೇರೆಯೇ ಪುಸ್ತಕವಾಗಿ ಕಂಡಿತು.

ಟೇಲರ್ ಪರದೇಶದವನಾದರೂ ನಮ್ಮ ನೆಲಕ್ಕೆ ಪರಕೀಯನಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಅವನು ಹದಿನೈದರ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಬಂದ. ಒಬ್ಬ ವ್ಯಾಪಾರಿಯ ಬಳಿ ಕೆಲಸ ಎಂದು ಬಂದಿದ್ದ. ಆ ವ್ಯಾಪಾರವೇ ಮುಳುಗುತ್ತಿತ್ತು. ಬಂಧುಗಳ ನೆರವಿನಿಂದ ನಿಜಾಮನ ಸೈನ್ಯ ಸೇರಿದ. ಹಿಂದೂಸ್ತಾನಿ, ಫಾರ್ಸಿ ಕಲಿತ. 1841ರಿಂದ 1853ರವರೆಗೆ ಸುರಪುರದ ಬೇಡರ ಸಂಸ್ಥಾನದ ಆಡಳಿತ ನೋಡಿಕೊಂಡ. ಅಲ್ಲಿನ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಈಗಲೂ ‘ಟೇಲರ್ ಮಂಜಿಲ್’ ಎಂದೇ ಕರೆಯುತ್ತಾರೆ. ರಾಜನಕೋಳೂರಿನ ಸುತ್ತಲ ಕಲ್ಲುಸಮಾಧಿಗಳನ್ನು ಅಳೆದು, ಅಗೆದು, ಅವುಗಳ ಬಗ್ಗೆ ಬರೆದ; ದಖ್ಖನ್ನಿನ ಶಿಲಾಯುಗ ಲೋಹಯುಗಗಳ ಚರ್ಚೆ ಇಂದಿಗೂ ಅವನ ಹೆಸರು ಹೇಳದೆ ಆರಂಭವಾಗುವುದಿಲ್ಲ. ಇನ್ನು ಧಾರವಾಡದ ಇತಿಹಾಸ ವಿದ್ಯಾರ್ಥಿಗಳಿಗೆ ಅವನು 1866ರ ಒಂದು ದೊಡ್ಡ ಪುಸ್ತಕದಿಂದ ಗೊತ್ತು. ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಫೋಟೋಗಳನ್ನು ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದಾಗ ಶಿಲ್ಪದ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್, ಚರಿತ್ರೆಯ ಭಾಗ ಬರೆದವನು ಟೇಲರ್. ಅಂದರೆ ಇವನು ಕಲ್ಲು ಕಂಡಲ್ಲಿ ಬಗ್ಗಿ ಓದುವ ಸ್ವಭಾವದವನು, ಬರಿಯ ಕಟ್ಟುಕತೆಗಾರನಲ್ಲ.

ಇನ್ನೊಂದು ಸಂಗತಿ. ಅವನು ಮದುವೆಯಾದದ್ದು ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳನ್ನು. ಆ ಪಾಮರನ ತಾಯಿ ಫೈಜ್ ಬಕ್ಷ್ ಬೇಗಂ ಎಂಬ ಮುಸ್ಲಿಂ ಹೆಣ್ಣುಮಗಳು. ಠಗ್ಗರ ಮುಸಲ್ಮಾನ ನಾಯಕನನ್ನು ಲಂಡನ್ನಿಗೆ ಪರಿಚಯಿಸಿದ ಲೇಖಕನ ಮಕ್ಕಳ ಮೈಯಲ್ಲಿ ಒಬ್ಬ ಬೇಗಮಳ ರಕ್ತವೂ ಹರಿಯುತ್ತಿತ್ತು. ರಕ್ತದ ಮಾತು ಮುಂದೆ ಬರುತ್ತದೆ, ಅದಕ್ಕಾಗಿ ಹೇಳಿದೆವು.

ಕಾದಂಬರಿಯಲ್ಲಿ ಅಮೀರ್ ಅಲಿ ಸೆರೆಮನೆಯಲ್ಲಿದ್ದಾನೆ. ತನ್ನವರ ವಿರುದ್ಧವೇ ಸಾಕ್ಷಿ ಹೇಳಿ ಗಲ್ಲಿನಿಂದ ತಪ್ಪಿಸಿಕೊಂಡವನು. ಸಾಹೇಬನೊಬ್ಬನ ಮುಂದೆ ಕೂತು ತನ್ನ ಬದುಕನ್ನು ಹೇಳುತ್ತಾನೆ. ತಾನು ಪಾಲುಗೊಂಡ ಕೊಲೆಗಳು 719, ಹನ್ನೆರಡು ವರ್ಷ ಜೈಲಿನಲ್ಲಿ ಇರದೆಹೋಗಿದ್ದರೆ ಸಾವಿರ ದಾಟುತ್ತಿತ್ತು ಎಂದು ಲೆಕ್ಕ ಕೊಡುತ್ತಾನೆ. ಇದು ಮೇಲ್ಮೈ. ಒಳಗಿನ ಎಳೆ ಒಂದು ಮನೆತನದ ಗುಟ್ಟು. ಅಮೀರ್ ಅಲಿ ಹುಟ್ಟಿನಿಂದ ಠಗ್ಗನಲ್ಲ. ಅವನ ಹೆತ್ತವರು ಮರ್ಯಾದಸ್ಥ ಪಠಾಣ ಮನೆತನದವರು. ಪ್ರಯಾಣದಲ್ಲಿ ಠಗ್ಗರ ಕೈಗೆ ಸಿಕ್ಕು ಸತ್ತವರು. ಆ ಗುಂಪಿನ ಇಸ್ಮಾಯಿಲ್ ಎಂಬವನು ಹುಡುಗನನ್ನು ಕೊಲ್ಲಗೊಡದೆ ಎತ್ತಿಕೊಂಡು ಬಂದು ಮಗನಂತೆ ಸಾಕಿದ. ಆ ಸಾಕಿದ ತಂದೆಯ ಪ್ರೀತಿ ನಾಟಕವಲ್ಲ, ನಿಜವಾದದ್ದು. ಕಾದಂಬರಿಯ ಶಕ್ತಿ ಇರುವುದೇ ಅಲ್ಲಿ. ಬೆಳೆದ ಅಮೀರ್ ಅಲಿ ಒಂದು ದಿನ ದಾರಿಯಲ್ಲಿ ಸಿಕ್ಕ ಎಳೆಯ ಹೆಂಗಸೊಬ್ಬಳ ಕೊರಳಿಗೆ ರುಮಾಲು ಬಿಗಿಯುತ್ತಾನೆ. ಅವಳ ಕೊರಳಲ್ಲಿ ರಕ್ಷೆಯೆಂದು ಕಟ್ಟಿದ್ದ ಹಳೆಯ ನಾಣ್ಯವೊಂದಿತ್ತು. ಬಹಳ ಕಾಲದ ಮೇಲೆ ಆ ನಾಣ್ಯದ ಗುರುತಿನಿಂದ ಅವನಿಗೆ ತಿಳಿಯುತ್ತದೆ: ಸತ್ತವಳು ಒಡಹುಟ್ಟಿದ ತಂಗಿ.

ಕತೆಗಾರರಾಗಿ ಹೇಳುವುದಾದರೆ ಈ ಹೆಣಿಗೆಗೆ ತಲೆಬಾಗಬೇಕು. ತಾಯತ ಕಟ್ಟುವ ನಾಡಿನಲ್ಲಿ ತಾಯತವೇ ಸಾಕ್ಷಿಯಾಗುತ್ತದೆ.

ಇನ್ನು ಇದರ ಮಾಟ-ಮಂತ್ರದ ಭಾಗ. ಠಗ್ಗರ ಪಯಣ ಶಕುನವಿಲ್ಲದೆ ಹೊರಡುವುದಿಲ್ಲ. ಗೂಬೆ ಯಾವ ಕಡೆ ಕೂಗಿತು, ಕತ್ತೆ ಎಡಕ್ಕೆ ಅರಚಿತೋ ಬಲಕ್ಕೆ ಅರಚಿತೋ, ಮೊಲ ಅಡ್ಡ ಬಂತೋ ಎಂದು ನೋಡುತ್ತಾರೆ. ಗೋರಿ ತೋಡುವ ಗುದ್ದಲಿಗೆ ಪೂಜೆ, ಅದರ ಮೇಲೆ ಆಣೆ. ಎಲ್ಲಕ್ಕೂ ಮಿಗಿಲಾಗಿ ಬೆಲ್ಲ. ಭವಾನಿಗೆ ಅರ್ಪಿಸಿದ ಆ ಬೆಲ್ಲವನ್ನು ಒಮ್ಮೆ ತಿಂದವನು ಮತ್ತೆ ಹಿಂದಿನ ಮನುಷ್ಯನಾಗಿ ಉಳಿಯುವುದಿಲ್ಲ, ಎಷ್ಟೇ ಸಿರಿವಂತನಾದರೂ ಎಷ್ಟೇ ವಿದ್ಯೆ ಬಲ್ಲವನಾದರೂ ಠಗ್ಗನಾಗಿಯೇ ಸಾಯುತ್ತಾನೆ ಎಂಬ ನಂಬಿಕೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ ಸೊಸೆಯ ಮಾತು ಕೇಳಿದರೆ, ಗಂಡ ಮನೆಗೆ ಬರುವುದು ತಪ್ಪಿದರೆ, ‘ಯಾರೋ ಮದ್ದು ಹಾಕ್ಯಾರ’ ಎನ್ನುವವರು ಧಾರವಾಡ ಜಿಲ್ಲೆಯ ಯಾವ ಹಳ್ಳಿಯಲ್ಲಿಲ್ಲ? ನಮ್ಮವರಲ್ಲೂ ಇದ್ದಾರೆ, ಆಮಿಲನ ಬಳಿ ಹೋಗಿ ನೀರು ಓದಿಸಿಕೊಂಡು ಬರುತ್ತಾರೆ. ಆ ಬೆಲ್ಲ ಒಂದು ಬಗೆಯ ಮದ್ದೇ.

ಟೇಲರ್ ಇದನ್ನೆಲ್ಲ ಕೂತಲ್ಲೇ ಕಲ್ಪಿಸಿದ್ದಲ್ಲ. ನಿಜಾಮನ ಸೀಮೆಯಲ್ಲಿ ಪೊಲೀಸು ಕೆಲಸ ನೋಡಿಕೊಳ್ಳುತ್ತಿದ್ದಾಗ ದಾರಿಯಲ್ಲಿ ಹೆಣಗಳು ಸಿಕ್ಕ ಪ್ರಕರಣಗಳು ಅವನ ಮುಂದೆ ಬಂದಿದ್ದವು. ಸಿಕ್ಕಿಬಿದ್ದವರ ಹೇಳಿಕೆಗಳನ್ನು ತಾನೇ ಬರೆದುಕೊಂಡಿದ್ದ. ಆ ಕೆಲಸದಿಂದ ತನ್ನನ್ನು ಬಿಡಿಸದೇ ಇದ್ದಿದ್ದರೆ ಠಗ್ಗರ ಗುಟ್ಟನ್ನು ಮೊದಲು ಹೊರಹಾಕಿದವನು ತಾನೇ ಆಗಿರುತ್ತಿದ್ದೆ ಎಂದು ಆತ್ಮಕಥೆಯಲ್ಲಿ ಹಳಹಳಿಸುತ್ತಾನೆ. ಆ ಕೀರ್ತಿ ಹೋದದ್ದು ಜಬಲಪುರದ ಕಡೆಯ ವಿಲಿಯಂ ಸ್ಲೀಮನ್‌ಗೆ. ಸ್ಲೀಮನ್ 1836ರಲ್ಲಿ ‘ರಾಮಸೀಯಾನ’ ಎಂಬ ಪುಸ್ತಕ ಅಚ್ಚು ಮಾಡಿಸಿದ. ಠಗ್ಗರ ಗುಪ್ತಭಾಷೆ ಎನ್ನಲಾದ ಶಬ್ದಗಳ ಕೋಶ, ಸೆರೆಯಾಳುಗಳೊಡನೆ ನಡೆಸಿದ ಪ್ರಶ್ನೋತ್ತರ, ಅವರ ವಂಶವೃಕ್ಷಗಳು, ಎಲ್ಲವೂ ಅದರಲ್ಲಿವೆ. ಯಾರ ಮಗ ಯಾರು, ಯಾರ ಅಳಿಯ ಯಾರು ಎಂದು ಗೆರೆ ಎಳೆದು ಬರೆದ ಆ ವಂಶವೃಕ್ಷಗಳನ್ನು ನೋಡಿದರೆ, ಮದುವೆ ಸಂಬಂಧ ಕುದುರಿಸಲು ಬರೆದಂತೆ ಕಾಣುತ್ತವೆ. ಬರೆದದ್ದು ಹಿಡಿದು ತರಲಿಕ್ಕೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಹೇಳಿಕೆಗಳನ್ನು ಕೊಟ್ಟವರು ಯಾರು? ಮಾಫಿ ಸಾಕ್ಷಿಗಳು. ಹೇಳುವುದಕ್ಕೆ ಇನ್ನೂ ಏನಾದರೂ ಉಳಿದಿರುವವರೆಗೆ ಅವರ ಜೀವಕ್ಕೆ ಬೆಲೆ. ಸಾಹೇಬ ದೇವಿಯ ಬಗ್ಗೆ ಕೇಳಿದರೆ ದೇವಿಯ ಬಗ್ಗೆ ಹೇಳಬೇಕು, ಶಕುನದ ಬಗ್ಗೆ ಕೇಳಿದರೆ ಇನ್ನೂ ನಾಲ್ಕು ಶಕುನ ಸೇರಿಸಬೇಕು. 1840ರ ಹೊತ್ತಿಗೆ ವಿಚಾರಣೆಗೆ ಒಳಗಾದವರು 3,689 ಮಂದಿ, ಗಲ್ಲಿಗೇರಿದವರು 466 ಎಂದು ಆ ಕಾಲದ ಲೆಕ್ಕ ಹೇಳುತ್ತದೆ. ಇವರಲ್ಲಿ ಎಷ್ಟು ಜನ ಯಾರೋ ಒಬ್ಬ ಜೀವಭಯದಲ್ಲಿ ಉಚ್ಚರಿಸಿದ ಹೆಸರುಗಳಾಗಿದ್ದರೋ!

ಹಾಗೆಂದು ಠಗ್ಗರೇ ಇರಲಿಲ್ಲ, ಎಲ್ಲವೂ ಬ್ರಿಟಿಷರ ಕಟ್ಟುಕತೆ ಎಂದು ಹೇಳುವವರ ಜೊತೆಗೂ ನಾವಿಲ್ಲ. ಬಾವಿಗಳಲ್ಲಿ, ದಾರಿಯಂಚಿನ ಗುಂಡಿಗಳಲ್ಲಿ ಹೆಣಗಳು ಸಿಕ್ಕದ್ದು ಸುಳ್ಳಲ್ಲ. ಕಿಮ್ ವ್ಯಾಗ್ನರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕೊಲೆ ಮಾಡಿ ದೋಚುವ ಗುಂಪುಗಳಿದ್ದವು, ಅವುಗಳಿಗೆ ಜಮೀನ್ದಾರರ ಆಶ್ರಯವಿತ್ತು, ಲೂಟಿಯಲ್ಲಿ ಅವರಿಗೆ ಪಾಲು ಸಲ್ಲುತ್ತಿತ್ತು. ರಾಜ್ಯಗಳು ಬಿದ್ದು ಸೈನ್ಯಗಳು ಚದುರಿದ ಕಾಲದಲ್ಲಿ ಶಸ್ತ್ರ ಬಿಟ್ಟರೆ ಬೇರೆ ಗೊತ್ತಿಲ್ಲದವರು ಹಿಡಿದ ಹಾದಿಗಳಲ್ಲಿ ಅದೂ ಒಂದು. ಹೊಟ್ಟೆಯ ಕತೆ, ಕಾಲದ ಕತೆ. ಈ ಕತೆಯಿಂದ ಹೊಟ್ಟೆಯನ್ನು ತೆಗೆದು ದೇವಿಯನ್ನು ಇಟ್ಟಾಗ ಅದು ದಂಧೆಯಾಗಿ ಉಳಿಯುವುದಿಲ್ಲ, ಮತವಾಗುತ್ತದೆ. ದಂಧೆಯನ್ನು ಬಿಡಬಹುದು. ಮತ ಅಪ್ಪನಿಂದ ಮಗನಿಗೆ ಹೋಗುತ್ತದೆ.

ದಕ್ಷಿಣದಲ್ಲಿ ಇಂಥ ಗುಂಪುಗಳ ಸುದ್ದಿ ಸ್ಲೀಮನ್‌ಗಿಂತ ಮುಂಚಿನದು. ಮದ್ರಾಸಿನ ವೈದ್ಯ ಶೆರ್ವುಡ್ ಇವರ ಬಗ್ಗೆ ಬರೆದ ಪ್ರಬಂಧ 1820ರಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ನಲ್ಲಿ ಬಂತು. ಒಂದೊಂದು ಭಾಷೆಯಲ್ಲಿ ಇವರನ್ನು ಏನೆಂದು ಕರೆಯುತ್ತಾರೆ ಎಂದು ಅವನು ಪಟ್ಟಿ ಕೊಟ್ಟಿದ್ದಾನೆ. ಕನ್ನಡದಲ್ಲಿ ‘ತಂತಿ ಕಳ್ಳರು’. ನರದ ಉರುಳು ಹಾಕುವ ಕಳ್ಳರು ಎಂದಷ್ಟೇ ಅರ್ಥ. ಯಾವ ಜಾತಿ, ಯಾವ ಮತ ಎಂಬುದು ಈ ಹೆಸರಿನಲ್ಲಿಲ್ಲ. ತಮಿಳಿನ ಹೆಸರು ‘ಅರಿ ತುಲುಕ್ಕರ್’, ಅಂದರೆ ಉರುಳು ಹಾಕುವ ತುರುಕರು. ಎರಡು ನೆರೆಯ ಭಾಷೆಗಳು ಒಂದೇ ಅಪರಾಧಕ್ಕೆ ಹೆಸರಿಟ್ಟ ರೀತಿ ನೋಡಿ. ನಮ್ಮ ಭಾಷೆ ಕೆಲಸವನ್ನು ಹೆಸರಿಸಿತು, ಅಲ್ಲಿ ಕುಲವನ್ನು ಹೆಸರಿಸಿದರು. ಕನ್ನಡಿಗರೆಂದು ಒಂದಿಷ್ಟು ಹೆಮ್ಮೆಪಡೋಣ ಎಂದರೆ, ಮುಂದೆ ಬರಲಿರುವ ಒಂದು ಹೆಸರು ಅದಕ್ಕೂ ಅಡ್ಡ ಬರುತ್ತದೆ.

ಮುಸಲ್ಮಾನ ಓದುಗರನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಅಮೀರ್ ಅಲಿ ನಮಾಜು ಮಾಡುತ್ತಾನೆ, ಅಲ್ಲಾಹನ ಹೆಸರು ಹೇಳುತ್ತಾನೆ, ಭವಾನಿಯ ಬೆಲ್ಲವನ್ನೂ ತಿನ್ನುತ್ತಾನೆ. ಸ್ಲೀಮನ್ ಕೂಡ ತನ್ನ ಸೆರೆಯಾಳುಗಳನ್ನು ಇದೇ ಪ್ರಶ್ನೆ ಹಾಕಿ ಕೆದಕಿದ್ದ. ಭವಾನಿಯ ಮಾತು ಕುರ್‌ಆನಿನಲ್ಲಿದೆಯೇ ಎಂದು ಕೇಳಿದ್ದ. ಉತ್ತರದ ಕೆಲವರು ಭವಾನಿಯೂ ಹಜರತ್ ಫಾತಿಮಾರೂ ಒಂದೇ ಎಂದುಬಿಟ್ಟರು. ದಖ್ಖನ್ನಿನವರು ಅದನ್ನು ಒಪ್ಪಲಿಲ್ಲ. ಓದಿದಾಗ ನಮಗೆ ಮೈ ಜುಮ್ಮೆಂದದ್ದು ನಿಜ. ಆದರೆ ಬೇಡಿ ತೊಟ್ಟವನೊಬ್ಬ ಕೊಟ್ಟ ಉತ್ತರವನ್ನು ಒಂದು ಮಿಲ್ಲತ್ತಿನ ಅಕೀದೆಯೆಂದು ಓದುವುದು ಎಂಥ ನ್ಯಾಯ? ದರೋಡೆಗೆ ಹೊರಟವನು ಬಿಸ್ಮಿಲ್ಲಾ ಎಂದರೆ ದರೋಡೆ ಇಬಾದತ್ ಆಗುವುದಿಲ್ಲ.

ಅದೂ ಅಲ್ಲದೆ, ಎರಡು ಮತಗಳ ಆಚರಣೆ ಒಬ್ಬನಲ್ಲಿ ಕೂಡಿಕೊಂಡಿದ್ದರೆ ಅದು ಪಾತಕದ ಗುರುತು ಎಂಬ ಅನುಮಾನ ಆ ಪುಟಗಳಲ್ಲಿ ಉದ್ದಕ್ಕೂ ಇದೆ. ಅದೇ ಹೊತ್ತಿಗೆ ಇತ್ತ ಧಾರವಾಡ ಸೀಮೆಯಲ್ಲಿ ಏನು ನಡೆದಿತ್ತು? ಟೇಲರ್ ಹುಟ್ಟಿದ ಹನ್ನೊಂದು ವರ್ಷಕ್ಕೆ, 1819ರಲ್ಲಿ, ಶಿಶುನಾಳದಲ್ಲಿ ಇಮಾಮ್ ಸಾಹೇಬರ ಮಗ ಶರೀಫ ಹುಟ್ಟಿದ. ಕಳಸದ ಗೋವಿಂದ ಭಟ್ಟರ ಶಿಷ್ಯನಾದ. ಗುರು ಅವನಿಗೆ ಜನಿವಾರ ಹಾಕಿದ ಕತೆಯನ್ನು ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ. ದೇವಿಯ ಪದ ಹಾಡಿದ ಆ ನಾಲಿಗೆಯೇ ಮೊಹರಮ್ಮಿನ ರಿವಾಯತ್ ಪದಗಳನ್ನೂ ಕಟ್ಟಿತು. ಇಂದಿಗೂ ಅಲಾಯಿ ಹಬ್ಬದಲ್ಲಿ ಲಿಂಗಾಯತರ, ಕುರುಬರ ಮನೆಯವರು ಹರಕೆ ಹೊತ್ತು ಫಕೀರರಾಗುತ್ತಾರೆ. ಶಕುನವೋ, ಹೇಳಬೇಕಾದದ್ದೇ ಇಲ್ಲ. ನಸುಕಿನಲ್ಲಿ ಬುಡಬುಡಕಿಯವನು ಹಾಲಕ್ಕಿ ನುಡಿತೈತಿ ಎಂದು ಬಾಗಿಲಲ್ಲಿ ನಿಂತರೆ ಒಕ್ಕಲಿಗ ಮೊರದಲ್ಲಿ ಜೋಳ ತರುತ್ತಾನೆ. ಬಿತ್ತನೆಗೆ ಹೊರಟಾಗ ಏನಾದರೂ ಅಡ್ಡ ಬಂದರೆ ಎತ್ತು ಹಿಂದಕ್ಕೆ ತಿರುಗುತ್ತವೆ. ಊರಿಗೆ ಊರೇ ನಂಬುವ ಶಕುನ ಒಬ್ಬನ ಕೈಯಲ್ಲಿ ಮಾತ್ರ ಅವನ ಅಪರಾಧಕ್ಕೆ ಸಾಕ್ಷಿಯಾಗುವುದು ಹೇಗೆ?

ಟೇಲರ್ ತಾನೂ ಇದಕ್ಕೆ ಹೊರತಾಗಿರಲಿಲ್ಲ. ಸುರಪುರದ ಒಂದು ಪ್ರಸಂಗವನ್ನು ಅವನು ಆತ್ಮಕಥೆಯಲ್ಲಿ ಬರೆದಿದ್ದಾನೆ. ‘ಸ್ಟೋರಿ ಆಫ್ ಮೈ ಲೈಫ್’ ಎಂಬ ಆ ಪುಸ್ತಕ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಬಂತು. ಬಾಲಕ ರಾಜ ವೆಂಕಟಪ್ಪ ನಾಯಕನ ತಾಯಿ ರಾಣಿ ಈಶ್ವರಮ್ಮನಿಗೂ ಟೇಲರ್‌ಗೂ ಬಹುಕಾಲ ಹಗೆ. ಒಮ್ಮೆ ಆಕೆ ಕಾಯಿಲೆ ಬಿದ್ದು ಇನ್ನು ಉಳಿಯೆನೆಂದು ಅನ್ನಿಸಿದಾಗ ಅವನನ್ನು ಕರೆಸಿ, ಮನೆತನದ ಪುರೋಹಿತನ ಮುಂದೆ, ಗುಟ್ಟಾಗಿ ಮುಚ್ಚಿಟ್ಟಿದ್ದ ಮಗನ ಜಾತಕವನ್ನು ತೋರಿಸುತ್ತಾಳೆ. ಹುಡುಗ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆ ಎಂದು ಅದರಲ್ಲಿತ್ತು. ಅರಮನೆಯ ಒಳಗಿನ ಒಂದಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಸಂಗತಿ. 1858ರಲ್ಲಿ ಸುರಪುರ ಇಂಗ್ಲಿಷರ ವಿರುದ್ಧ ಎದ್ದಿತು, ಸೋತಿತು. ಹೈದರಾಬಾದಿನಲ್ಲಿ ಸೆರೆಯಾದ ತರುಣ ರಾಜನನ್ನು ಟೇಲರ್ ಹೋಗಿ ಕಂಡ. ಹುಡುಗ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದ. ಶಿಕ್ಷೆ ಇಳಿದು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಹೋಗುವ ದಾರಿಯಲ್ಲೇ, ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ರಾಜ ಸತ್ತ. ಅದು ಅವನ ಇಪ್ಪತ್ತನಾಲ್ಕನೆಯ ವರ್ಷ ಎಂದು ಟೇಲರ್ ಲೆಕ್ಕ ಹಾಕಿ ಬರೆಯುತ್ತಾನೆ. ನಗುವುದಿಲ್ಲ, ಮೂಢನಂಬಿಕೆ ಎಂದು ತಳ್ಳಿಹಾಕುವುದೂ ಇಲ್ಲ.

ನಾವು ಆ ಪುಟಗಳಲ್ಲಿ ಬಹಳ ಹೊತ್ತು ನಿಂತೆವು. ಒಂದು ಸಂಸ್ಥಾನ ಮುಳುಗಿದ್ದು ಕಂಪನಿಯ ಸಾಲದ ಲೆಕ್ಕದಿಂದ, ಪೇಷಕಷ್‌ನಿಂದ, ತೋಪುಗಳಿಂದ. ಜಾತಕದ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರೆ ಅದು ವಿಧಿಯಾಗುತ್ತದೆ, ಯಾರೂ ಹೊಣೆಗಾರರಾಗುವುದಿಲ್ಲ. ಅಮೀರ್ ಅಲಿಯ ಬೆಲ್ಲ ಮಾಡಿದ ಕೆಲಸವನ್ನೇ ಇಲ್ಲಿ ಜಾತಕ ಮಾಡಿದೆ.

ಈಗ ಕಾನೂನಿನ ಕಡೆ ಬರೋಣ. ಕಾದಂಬರಿಯೇ ಕಾನೂನು ಮಾಡಿಸಿತು ಎಂದರೆ ಸುಳ್ಳಾದೀತು. ಕಾದಂಬರಿಗಿಂತ ಮೂರು ವರ್ಷ ಮೊದಲು, 1836ರಲ್ಲೇ, ಮೂವತ್ತನೆಯ ಕಾಯ್ದೆ ಬಂದಿತ್ತು. ಯಾವುದೇ ಠಗ್ಗರ ಗುಂಪಿಗೆ ಒಬ್ಬ ಯಾವಾಗಲಾದರೂ, ಎಲ್ಲಾದರೂ ಸೇರಿದ್ದನೆಂದು ಸಾಬೀತಾದರೆ ಸಾಕು, ಕಠಿಣ ದುಡಿಮೆಯೊಡನೆ ಜೀವಾವಧಿ ಸೆರೆ. ಯಾವ ಕೊಲೆ, ಯಾವ ದಿನ, ಸತ್ತವರು ಯಾರು ಎಂದು ತೋರಿಸಬೇಕಾಗಿಲ್ಲ. ಕಾದಂಬರಿ ಈ ಕಾಯ್ದೆಗೆ ಒಂದು ಮುಖ, ಒಂದು ದನಿ, ಒಂದು ಮನೆತನ ಒದಗಿಸಿತು. ಅಚ್ಚಾಗುತ್ತಿದ್ದಾಗಲೇ ಅದರ ಹಾಳೆಗಳನ್ನು ವಿಕ್ಟೋರಿಯಾ ರಾಣಿ ತರಿಸಿಕೊಂಡು ಓದಿದಳು. ‘ಥಗ್’ ಎಂಬುದು ಇಂಗ್ಲಿಷಿನ ಮನೆಮಾತಾಯಿತು. ಮೂಲದಲ್ಲಿ ನಮ್ಮ ‘ಠಕ್ಕ’ನ ಬಳಗದ ಶಬ್ದವೇ ಅದು, ನಮ್ಮಲ್ಲಿ ತಾಯಂದಿರು ತುಂಟ ಮಗುವನ್ನೂ ಠಕ್ಕ ಎನ್ನುತ್ತಾರೆ.

ಮುಂದೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು. ಬಡಗಿಯ ಮಗ ಬಡಗಿಯಾಗುವ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಮೊದಲು ಉತ್ತರ ಭಾರತಕ್ಕೆ ಅನ್ವಯವಾಗಿದ್ದುದನ್ನು 1911ರಲ್ಲಿ ಮುಂಬಯಿ, ಮದ್ರಾಸು ಪ್ರಾಂತಗಳಿಗೂ ಚಾಚಿದರು. 1924ರಲ್ಲಿ ಮತ್ತೆ ಬಿಗಿ ಮಾಡಿದರು. ಆಗ ಧಾರವಾಡ, ಬಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವಲ್ಲ. ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಗಿರಣಿ, ರೈಲ್ವೆ ಕಾರ್ಖಾನೆಗಳಿಗೆ ಕೈಗಳು ಬೇಕಿದ್ದ ಊರುಗಳಲ್ಲಿ ಇವು ಬಂದದ್ದನ್ನು ಗಮನಿಸಬೇಕು. ಗಂಟಿಚೋರರು, ಹರಣಶಿಕಾರಿಗಳು, ಕೊರವರು, ಕಂಜರಭಾಟರು. ಹೆಸರು ನೋಂದಣಿ, ಬೆರಳಚ್ಚು, ರಾತ್ರಿ ಹಾಜರಿ, ಊರು ಬಿಟ್ಟು ಹೋಗಲು ಚೀಟಿ. ಒಳಗೆ ಶಾಲೆ ಇತ್ತು, ಔಷಧಿ ಇತ್ತು, ದುಡಿದರೆ ಕೂಲಿಯೂ ಇತ್ತು, ಸುಳ್ಳು ಹೇಳಬಾರದು. ಈ ವಸಾಹತುಗಳ ಅಧಿಕಾರಿಯಾಗಿದ್ದ ಸ್ಟಾರ್ಟ್ ಎಂಬಾತ ಜನಪರ ಮನುಷ್ಯನೇ ಇರಬೇಕು. ಮುಂಬಯಿ ಸರ್ಕಾರ ದಲಿತರ ಸ್ಥಿತಿಗತಿ ವಿಚಾರಿಸಲು ನೇಮಿಸಿದ, 1930ರಲ್ಲಿ ವರದಿ ಕೊಟ್ಟ ಸಮಿತಿಗೆ ಅವನೇ ಅಧ್ಯಕ್ಷ, ಬಾಬಾಸಾಹೇಬ ಅಂಬೇಡ್ಕರರು ಅದರ ಸದಸ್ಯರು. ಒಳ್ಳೆಯ ಮನುಷ್ಯ ಕೂಡ ಹಾಜರಿ ಪುಸ್ತಕ ಹಿಡಿಯಲೇಬೇಕಾದ ವ್ಯವಸ್ಥೆ ಅದು.

ಬಿಜಾಪುರದ ಕಡೆಯ ಛಪ್ಪರಬಂದರ ಹೆಸರು ನಮ್ಮ ಓದುಗರಲ್ಲಿ ಎಷ್ಟು ಜನರಿಗೆ ಗೊತ್ತೋ. ಮುಸಲ್ಮಾನರು. ಮೊಗಲರ ದಂಡಿನ ಜೊತೆಗೆ ಛಪ್ಪರ ಹೊದಿಸುತ್ತ ದಖ್ಖನ್ನಿಗೆ ಬಂದವರು ಎಂದು ಹೇಳಿಕೊಳ್ಳುತ್ತಾರೆ. ಖೋಟಾ ನಾಣ್ಯ ತಯಾರಿಸುವವರು, ಫಕೀರರ ವೇಷದಲ್ಲಿ ಊರೂರು ತಿರುಗಿ ಅದನ್ನು ಚಲಾಯಿಸುವವರು ಎಂದು ಮುಂಬಯಿ ಪೊಲೀಸರ 1908ರ ಕೈಪಿಡಿ ಅವರನ್ನು ವರ್ಣಿಸುತ್ತದೆ. ಅವರಲ್ಲಿ ಹಾಗೆ ಮಾಡಿದವರಿದ್ದರು, ಮಾಡದವರೂ ಇದ್ದರು. ಕೈಪಿಡಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ನಮ್ಮ ಜಮಾತುಗಳಿಗೂ ಅಷ್ಟಾಗಿ ಬೇಕಿರಲಿಲ್ಲ. ಎಲ್ಲರೂ ಒಂದೇ ಸಫ್‌ನಲ್ಲಿ ನಿಲ್ಲುವವರು ಎನ್ನುವ ನಾವು ಛಪ್ಪರಬಂದರ ಮನೆಗೆ ಹೆಣ್ಣು ಕೊಡುವಾಗ ಏನು ಲೆಕ್ಕ ಹಾಕುತ್ತಿದ್ದೆವು ಎಂಬುದು ನಮಗೇ ಗೊತ್ತು.

ಮತ್ತೆ ಕಾದಂಬರಿಗೆ ಮರಳಿ, ಈ ಲೇಖನ ಬರೆಯಲು ಕಾರಣವಾದ ಸಂಗತಿಯನ್ನು ಹೇಳಬೇಕು. ಕಾನೂನು ಹೇಳಿದ್ದು ರಕ್ತ. ಕಾದಂಬರಿ ಹೇಳುವುದು ಅದರ ಉಲ್ಟಾ! ಅಮೀರ್ ಅಲಿಯ ರಕ್ತದಲ್ಲಿ ಠಗ್ಗತನದ ಒಂದು ಹನಿಯೂ ಇಲ್ಲ. ಅವನು ಸಾಕುಮಗ. ಅವನನ್ನು ಮಾಡಿದ್ದು ಇಸ್ಮಾಯಿಲನ ಮಡಿಲು, ಆ ಬೆಲ್ಲ, ಆ ಸಂಗ. ಅವನ ಒಡಹುಟ್ಟಿದವಳು, ಅದೇ ರಕ್ತದವಳು, ಬೇರೆ ಮಡಿಲಲ್ಲಿ ಬೆಳೆದು ಗೃಹಿಣಿಯಾಗಿ ಅವನ ಕೈಯಲ್ಲೇ ಸತ್ತಳು. ಹುಟ್ಟಿನಿಂದಲೇ ಕಳ್ಳರು ಎಂಬ ಸಿದ್ಧಾಂತವನ್ನು ಸುಳ್ಳು ಮಾಡಲು ಇದಕ್ಕಿಂತ ಒಳ್ಳೆಯ ಕತೆ ಯಾರಿಗೆ ಹೊಳೆದೀತು? ಕಾದಂಬರಿಯ ಗುಟ್ಟೇ ಕಾನೂನಿಗೆ ಕೊಟ್ಟ ಉತ್ತರವಾಗಿತ್ತು. ಟೇಲರನಿಗೆ ಇದು ಗೊತ್ತಿತ್ತೋ, ಕತೆ ಅವನ ಕೈಮೀರಿ ಹಾಗೆ ಬಂತೋ. ಓದಿದವರು ಮಾತ್ರ ರುಮಾಲನ್ನು ನೆನಪಿಟ್ಟುಕೊಂಡರು, ನಾಣ್ಯವನ್ನು ಮರೆತರು. ಉರ್ದುವಿನಲ್ಲಿ ಓದಿದ ಹುಡುಗರಾದ ನಾವೂ ಮರೆತಿದ್ದೆವು.

1911ರ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು. ಪಟ್ಟಿಯಲ್ಲಿರುವ ಬುಡಕಟ್ಟಿನ ಆರರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ, ಸರ್ಕಾರದ ಕೈಗಾರಿಕಾ ಶಾಲೆಗೋ ಸುಧಾರಣಾ ಶಾಲೆಗೋ ಹಾಕಬಹುದು. ಇದರ ಬೇರು ಹಳೆಯದು; ಜಬಲಪುರದಲ್ಲಿ ಮಾಫಿ ಸಾಕ್ಷಿ ಠಗ್ಗರಿಗೂ ಅವರ ಮಕ್ಕಳಿಗೂ ಡೇರೆ, ಕಂಬಳಿ ನೇಯುವ ಶಾಲೆ 1830ರ ದಶಕದ ಕೊನೆಗೇ ಶುರುವಾಗಿತ್ತು. ರಕ್ತದಲ್ಲೇ ಕಳ್ಳತನವಿದ್ದರೆ ಮಗುವನ್ನು ಬೇರ್ಪಡಿಸಿ ಏನು ಪ್ರಯೋಜನ? ಸಂಗದಿಂದ ಬರುವುದಾದರೆ ಇಡೀ ಕುಲವನ್ನು ಹುಟ್ಟಿನಿಂದ ನೋಂದಾಯಿಸುವುದೇಕೆ? ಕಾನೂನು ಎರಡನ್ನೂ ಒಟ್ಟಿಗೆ ನಂಬಿತು. ದಾರಿಯಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಇನ್ನೊಬ್ಬನ ಕುದುರೆಯ ಮೇಲೆ ಕೂತು ಹೋದ ಆ ಪಠಾಣ ಹುಡುಗನ ಚಿತ್ರ ಈ ಕಲಮನ್ನು ಓದುವಾಗ ನಮ್ಮ ಕಣ್ಣ ಮುಂದೆ ಬರುತ್ತದೆ. ಎತ್ತಿಕೊಂಡು ಹೋಗುವವರು ಮಾತ್ರ ಬೇರೆ.

ಸೆಟ್ಲಮೆಂಟಿನ ಒಳಗಿನಿಂದ ಅಮೀರ್ ಅಲಿಯಂತೆ ಮೂರು ಸಂಪುಟ ತುಂಬ ಮಾತಾಡಿದವರನ್ನು ನಾವು ಕಾಣೆವು. ಅವರನ್ನು ಕೂರಿಸಿಕೊಂಡು ಕೇಳುವ ಸಾಹೇಬರು ಸಿಗಲಿಲ್ಲ, ಕೇಳಬಹುದಾಗಿದ್ದ ನಾವು ಪಕ್ಕದ ಓಣಿಯಲ್ಲಿದ್ದೂ ಕೇಳಲಿಲ್ಲ. ಮರಾಠಿಯಲ್ಲಿ ಲಕ್ಷ್ಮಣ ಗಾಯಕವಾಡರು 1987ರಲ್ಲಿ ‘ಉಚಲ್ಯಾ’ ಬರೆದು ತಮ್ಮ ಜನರ ಬದುಕನ್ನು ತಾವೇ ಹೇಳಿಕೊಂಡರು, ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅದರಲ್ಲಿ ದೇವಿಯೂ ಇದ್ದಾಳೆ, ಪೊಲೀಸನೂ ಇದ್ದಾನೆ. ಹೆಚ್ಚಾಗಿ ಇರುವುದು ಹಸಿವು.

ಕಾಯ್ದೆ ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಹೋಯಿತು, ದೇಶದಲ್ಲೆಲ್ಲ 1952ರ ಆಗಸ್ಟ್ 31ರಂದು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಸಾಲುಗಳು ಮೊನ್ನೆಮೊನ್ನೆಯವರೆಗೂ ಉಳಿದಿದ್ದವು. ಸುಪ್ರೀಂ ಕೋರ್ಟು ಅವನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಅಷ್ಟು ಹೊತ್ತಿಗೆ ಹುಬ್ಬಳ್ಳಿಯ ಸೆಟ್ಲಮೆಂಟಿನ ಹಳೆಯ ಹಾಜರಿ ಕಂಡವರ ಮೊಮ್ಮಕ್ಕಳೂ ಮದುವೆಯಾಗಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು.

ಕನ್ನಡದ ಹೆಮ್ಮೆಗೆ ಅಡ್ಡ ಬರುವ ಹೆಸರು ಎಂದೆವಲ್ಲ, ಅದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ: ಗಂಟಿಚೋರ್. ಹುಡುಗನೊಬ್ಬ ಕಾಲೇಜಿಗೆ ಸೇರಬೇಕಾದರೆ, ನೌಕರಿಗೆ ಅರ್ಜಿ ಹಾಕಬೇಕಾದರೆ, ತಹಸೀಲ್ದಾರ ಕಚೇರಿಯ ಕಿಟಕಿಯಲ್ಲಿ ನಿಂತು ತನ್ನ ಜಾತಿಯ ಹೆಸರೆಂದು ಆ ಶಬ್ದವನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಆಗಲೇ ಚೀಟಿ ಸಿಗುತ್ತದೆ.